ಬಣ್ಣದ ಮನೆಯ ಬಿಳಿ ಬಟ್ಟೆ

ಲುವೋತಾನ್ ರೇವು
ಷುವಾನ್‌ತೊಂಗ್ ದೊರೆಯ ಮೂರನೇ ವರ್ಷ, ಏಳನೇ ತಿಂಗಳ ಇಪ್ಪತ್ತೇಳು

ತಮ್ಮ ಟಿಂಗ್‌ಬೋಗೆ ಅಕ್ಕ ಬರೆಯೋದು.

ನೀನು ವುಚಾಂಗಿನ ದಂಡು ಸೇರಿ ಎರಡು ವರ್ಷವಾಯ್ತು. ಬಂದದ್ದು ಐದು ಕಾಗದ, ಐದರಲ್ಲೂ ‘ಕ್ಷೇಮ’ ಅನ್ನೋದು ಬಿಟ್ರೆ ಇನ್ನೊಂದು ಮಾತಿಲ್ಲ. ಕ್ಷೇಮವಾಗಿರೋನು ಅಷ್ಟು ಚಿಕ್ಕ ಕಾಗದ ಬರೀತಾನೇನೋ? ಚಿಕ್ಕವನಾಗಿದ್ದಾಗ ಮೊಣಕಾಲು ತರಚಿಕೊಂಡು ಬಂದ್ರೂ ‘ಏನಿಲ್ಲಕ್ಕಾ’ ಅಂತ ಅಂಗೈ ಅಡ್ಡ ಇಟ್ಕೋತಿದ್ದೆ. ನಿನ್ನ ಬಾಯಿ ನನಗೆ ಯಾವತ್ತೂ ನಿಜ ಹೇಳಿಲ್ಲ. ನೀನು ಏನನ್ನ ಮುಚ್ಕೋತಿದೀಯ ಅಂತ ನೋಡಿಯೇ ನಾನು ತಿಳ್ಕೋಬೇಕು.

ಉಪ್ಪಿನ ದೋಣಿಯ ಲಿಯಾವ್ ಕೈಲಿ ಒಂದು ಥಾನು ಬಿಳಿ ಬಟ್ಟೆ ಕಳಿಸಿದೀನಿ. ಬಣ್ಣದ ಮನೆ ನಡೆಸೋಳು ಬಣ್ಣ ಹಾಕದ ಬಟ್ಟೆ ಕಳಿಸಿದ್ಲು ಅಂತ ನಗಬೇಡ. ನೀಲಿ ಒಳಅಂಗಿ ಹಾಕ್ಕೊಂಡು ಬೆವತರೆ ಎದೆಯೆಲ್ಲ ನವಿಲಾಗುತ್ತೆ. ಚಳಿಗೆ ಮುಂಚೆ ಎರಡು ಹೊಲಿಸ್ಕೋ. ಮಿಕ್ಕ ತುಂಡನ್ನ ತಲೆಗೋ ತೋಳಿಗೋ ಸುತ್ತಿಕೊಂಡು ಓಡಾಡಿದ್ರೆ ನೋಡು! ಬಿಳಿ ಸತ್ತವರದ್ದು. ಬದುಕಿರೋರು ಅದನ್ನ ಹೊರಗೆ ತೋರಿಸಿದ್ರೆ ಸಾವನ್ನ ಹೆಸರು ಹಿಡಿದು ಕರೆದ ಹಾಗೆ. ನೀನು ಹೊಸ ಕಾಲದವನು, ನಗ್ತೀಯ. ನಗು, ಆದ್ರೆ ಕಟ್ಕೋಬೇಡ.

ಕುವಾಂಗ್ ಮೇಷ್ಟ್ರು ನಿನ್ನೆ ಬಂದಿದ್ರು. ನಮ್ಮಿಬ್ಬರಿಗೂ ಅಕ್ಷರ ಕಲಿಸಿದ ಮನುಷ್ಯ, ಈಗ ಪೂರ್ತಿ ಹಣ್ಣಾಗಿದಾರೆ. ಜನ ಆರಿಸಿದ ಸಭೆ ಬೇಕು ಅಂತ ಅರ್ಜಿ ಹಿಡಿದು ಹೋದ ವರ್ಷ ಮೂರು ಸಲ ಬೀಜಿಂಗಿಗೆ ಹೋದ್ರಲ್ಲ, ಮೂರು ಸಲಾನೂ ಬರಿಗೈ. ಆದ್ರೂ ಹಟ ಬಿಟ್ಟಿಲ್ಲ. “ದೊರೆ ಇರಲಿ, ಸಭೆ ಮುಂದೆ ಕೈಕಟ್ಟಿ ನಿಲ್ಲೋ ದೊರೆ ಇರಲಿ. ಮನೆ ಸೋರುತ್ತೆ ಅಂತ ಮನೆಗೇ ಬೆಂಕಿ ಇಡಬಾರದು ಅಂತ ನಿನ್ನ ತಮ್ಮನಿಗೆ ಬರಿ” ಅಂದ್ರು. ಬರೆದಿದೀನಿ. ಬೀದೀಲಿ ಹೋಗೋ ಮಾರೀನ ಮನೆಗೆ ಕರೀಬೇಡ ಅಂತ ನನ್ನ ಕಡೆಯಿಂದ ಸೇರಿಸಿದೀನಿ.

ಅಕ್ಕ, ರುಯಿನ್


ವುಚಾಂಗ್
ಹಳದಿ ದೊರೆಯ ನಾಲ್ಕು ಸಾವಿರದ ಆರುನೂರ ಒಂಬತ್ತನೇ ವರ್ಷ, ಎಂಟನೇ ತಿಂಗಳ ಇಪ್ಪತ್ತನಾಲ್ಕು

ಅಕ್ಕಾ,

ತೇದಿ ನೋಡಿ ಗಾಬರಿಯಾಗ್ಬೇಡ. ಬೀಜಿಂಗಿನಲ್ಲಿ ಕೂತಿರೋ ಐದು ವರ್ಷದ ಮಂಚೂ ಮಗುವಿನ ಹೆಸರಲ್ಲಿ ನಾವು ಇನ್ನು ವರ್ಷ ಎಣಿಸೋದಿಲ್ಲ. ನಮ್ಮ ಮೂಲಪುರುಷನಿಂದ ಎಣಿಸ್ತೀವಿ. ಹತ್ತೊಂಬತ್ತನೇ ತಾರೀಕು ನಮ್ಮ ದಂಡು ತಿರುಗಿ ಬಿತ್ತು. ವುಚಾಂಗ್ ನಮ್ಮದಾಯ್ತು. ಪ್ರಾಂತ್ಯ ಆಳೋ ಸಾಹೇಬರು ಹಡಗು ಹತ್ತಿ ಓಡಿದ್ರು. ಮೇಷ್ಟ್ರಿಗೆ ಹೇಳು: ಅದು ಸೋರೋ ಮನೆಯಾಗಿರಲಿಲ್ಲ, ಗೆದ್ದಲು ತಿಂದ ಮನೆ. ನಾವು ಒಂದು ಸಲ ಒದ್ದೆವು, ಅಷ್ಟೇ.

ಒಂದು ತಪ್ಪೊಪ್ಪಿಗೆ ಇದೆ. ಬೈಬೇಡ. ನಮ್ಮವರು ಯಾರು, ಅವರ ಕಡೆಯವರು ಯಾರು ಅಂತ ಗೊತ್ತಾಗೋಕೆ ಎಲ್ಲರೂ ಎಡತೋಳಿಗೆ ಬಿಳಿ ಪಟ್ಟಿ ಕಟ್ಟಬೇಕು ಅಂತ ಅಪ್ಪಣೆಯಾಯ್ತು. ನಮ್ಮ ದಳದಲ್ಲಿ ಯಾರ ಹತ್ತಿರಾನೂ ಬಿಳಿ ಇಲ್ಲ. ನಿನ್ನ ಥಾನು ಹಾಗೇ ಮಡಿಸಿದ್ದು ಇತ್ತು. ಅರವತ್ತು ಪಟ್ಟಿ ಹರಿದೆ. ನೀನು ಬೇಡ ಅಂದದ್ದನ್ನೇ ಮಾಡಿದೀನಿ, ಅರವತ್ತು ಸಲ ಮಾಡಿದೀನಿ.

ಇನ್ನೊಂದು. ನಮ್ಮ ಅಡುಗೆಯ ಗೆಂಗ್ ತರಕಾರಿ ಚೂರಿಯಿಂದ ಎಲ್ಲರ ಜಡೆ ಕೊಯ್ದ. ಮಂಚೂ ದೊರೆಗಳ ಅಪ್ಪಣೆಗೆ ಜಡೆ ಬಿಟ್ಟು ಇನ್ನೂರೈವತ್ತು ವರ್ಷ ನಮ್ಮ ಜುಟ್ಟು ಅವರ ಕೈಲಿತ್ತಲ್ಲ, ಈಗ ಹಿಡಿಯೋಕೆ ಏನೂ ಇಲ್ಲ. ಆದ್ರೆ ಅಮ್ಮ ಕೊಟ್ಟ ಕೂದಲು, ನೀನು ಬಾಚಿದ ಕೂದಲು. ಚರಂಡಿಗೆ ಎಸೆಯೋಕೆ ಮನಸ್ಸು ಬರ್ಲಿಲ್ಲ. ಲಿಯಾವ್ ಕೈಲಿ ಕಳಿಸ್ತಿದೀನಿ. ಈ ಕಾಗದ ಅವನ ಹತ್ತಿರ ಸಿಕ್ಕಿಬಿದ್ರೆ ಅವನ ತಲೆ ಹೋಗುತ್ತೆ, ಅದಕ್ಕೇ ಇದನ್ನ ಅಂಚೆಗೆ ಹಾಕ್ತೀನಿ. ಜಡೆಗೆ ತೊಂದರೆ ಇಲ್ಲ. ಕಾವಲಿನವರು ಕೇಳಿದ್ರೆ ‘ಸತ್ತ ಸಿಪಾಯಿಯದು, ಮನೆಯವರಿಗೆ ಹೂಳೋಕೆ ಒಯ್ತಿದೀನಿ’ ಅಂತ ಹೇಳು ಅಂದಿದೀನಿ. ದೋಣಿ ನಿಧಾನ. ಕಾಗದ ಮೊದಲು ಬರುತ್ತೆ, ಜಡೆ ಆಮೇಲೆ.

ನಿನ್ನ ಟಿಂಗ್‌ಬೋ


ಲುವೋತಾನ್
ಷುವಾನ್‌ತೊಂಗ್ ಮೂರನೇ ವರ್ಷ, ಒಂಬತ್ತನೇ ತಿಂಗಳ ಆರು

ತಮ್ಮಾ,

ಇದನ್ನ ಅಂಚೆಗೆ ಹಾಕೋದಿಲ್ಲ. ನಾಡಿದ್ದು ಸೂತಕದ ಏಳನೇ ದಿನ, ನಿನ್ನ ಹೆಸರಿನ ಫಲಕದ ಮುಂದೆ ಸುಡ್ತೀನಿ. ಹೊಗೆ ಹೋಗೋ ಕಡೆ ನೀನಿದ್ದೀಯಲ್ಲ.

ಎರಡನೇ ತಾರೀಕು ಲಿಯಾವ್ ರೇವಿಗೆ ಬಂದ. ಅಮಲ್ದಾರನ ಕಾವಲಿನವನು ಗಂಟನ್ನ ಬಿಚ್ಚಿಸಿ, “ಯಾರದೋ ಇದು?” ಅಂದ. ಲಿಯಾವ್, “ಸತ್ತ ಸಿಪಾಯಿಯದು ಸ್ವಾಮಿ, ಬಣ್ಣದ ಮನೆಗೆ ಕೊಡಬೇಕು” ಅಂದ. ನಾನು ಎರಡು ಮಾರು ದೂರದಲ್ಲಿ ಬಟ್ಟೆ ಜಾಲಿಸ್ತಿದ್ದೆ. ಕೈಲಿದ್ದ ಬಟ್ಟೆ ಹೊಳೆ ಪಾಲಾಯ್ತು. ಕಾವಲಿನವನು ಗಂಟನ್ನ ನನ್ನ ಕಡೆ ಎಸೆದು, ಲಿಯಾವ್‌ನನ್ನ ನಿಲ್ಲೋಕೂ ಬಿಡದೆ ದೋಣಿ ದಬ್ಬಿಸಿದ. ಬೇರೆಯವನ ಜಡೆ ಇರಬಹುದು ಅಂತ ಬಿಚ್ಚಿ ನೋಡಿದೆ. ಹನ್ನೆರಡು ವರ್ಷ ಬಾಚಿದ ಕೂದಲು ಕಣೋ. ನೆತ್ತಿಯ ಆ ಸುಳಿ, ನಾನೇ ಕಟ್ಟಿಕೊಟ್ಟ ಕೆಂಪು ದಾರ. ಇನ್ನು ಯಾವ ಆಸೆ?

ಅಮ್ಮ ಸಾಯುವಾಗ ನಿನ್ನನ್ನ ನನ್ನ ಮಡಿಲಿಗೆ ಹಾಕಿದ್ಲು. ನಿನಗೆ ನಾಲ್ಕು, ನನಗೆ ಹದಿನೈದು. ಬಟ್ಟೆಗೆ ನುಣುಪು ಕೊಡೋ ಒತ್ತುಗಲ್ಲಿನ ಮೇಲೆ ನಿಂತು ತುಳಿಯೋಕೆ ಅಪ್ಪನಿಗೆ ಆಳು ಬೇಕು ಅಂತ, ಬೇರೆ ಹುಡುಗೀರ ಹಾಗೆ ಚಿಕ್ಕದಾಗಲಿ ಅಂತ ನನ್ನ ಪಾದ ಬಿಗಿದು ಕಟ್ಟಲಿಲ್ಲ. ಬೀದಿಯವರು ‘ದೋಣಿಪಾದದೋಳು’ ಅಂತ ಆಡಿಕೊಂಡ್ರು. ಆಡಿಕೊಳ್ಳಲಿ, ಈ ಪಾದದ ಮೇಲೆ ನಿಂತು ನಿನ್ನನ್ನ ಸಾಕಿದೆ. ನಿನ್ನ ಭಾವ ಸತ್ತಾಗಲೂ ಬಿದ್ದೋಳಲ್ಲ. ಈ ಸಲ ಬಿದ್ದೆ.

ಅಮಲ್ದಾರ ಕಚೇರಿ ಬಾಗಿಲಿಗೆ ಚೀಟಿ ಹಚ್ಚಿಸಿದ್ದ. ವುಚಾಂಗಿನಲ್ಲಿ ಸತ್ತವರ ಮನೆಯವರು ಬಿಳಿ ಕಟ್ಟಬಾರದು, ಗಟ್ಟಿಯಾಗಿ ಅಳಬಾರದು. ಅಳೋಕೂ ಪರವಾನಗಿ ಬೇಕಂತೆ! ನನಗೆ ರೋಷ ಉಕ್ಕಿತು. ಬಾಗಿಲಿಗೆ ಕಟ್ಟಬಾರದಾ? ಆಕಾಶಕ್ಕೇ ಕಟ್ತೀನಿ ಅಂದ್ಕೊಂಡೆ. ಮೂರನೇ ತಾರೀಕು ಬೆಳಗಾಗುತ್ತಲೇ ಬಟ್ಟೆ ಒಣಗಿಸೋ ಗಳಗಳ ತುದಿಗೆ ಹತ್ತಿದೆ. ಬಣ್ಣಕ್ಕೆ ಬಂದಿದ್ದ ಹನ್ನೆರಡು ಥಾನು ಬಿಳಿಯನ್ನೂ ಮೇಲಿಂದ ಇಳಿಬಿಟ್ಟೆ. ಮೂರಾಳೆತ್ತರ. ಹೊಳೆಯ ಕೆಳ ತಿರುವಿನಿಂದಲೂ ಕಾಣುತ್ತೆ.

ಆಮೇಲೆ ಆದದ್ದನ್ನ ಕೇಳು, ನೀನಿದ್ದಿದ್ರೆ ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ. ಕ್ರಾಂತಿಯವರ ಬಾವುಟ ಬಿಳಿಯಂತೆ. ನನಗೇನು ಗೊತ್ತು? ಊರಿನವರು ಗಳ ನೋಡಿ, ದಂಡು ಬಂದು ಬಣ್ಣದ ಮನೇಲಿ ಇಳಿದಿದೆ ಅಂದ್ಕೊಂಡ್ರು. ಕಾವಲಿನವರು ಕೋವಿ ಬಿಸಾಕಿ ಓಡಿದ್ರು. ಅಮಲ್ದಾರ ಹೆಂಡತಿಯ ಪಲ್ಲಕ್ಕಿಯೊಳಗೆ ಮುದುರಿಕೊಂಡು ಮೇಲೂರಿನ ಕೋಟೆಗೆ ಕಾಲು ಕಿತ್ತ. ಮಧ್ಯಾಹ್ನದೊಳಗೆ ಬೀದಿಯ ಪ್ರತಿ ಮನೆ ಮುಂದೆ ಬಿಳಿ. ದಿಂಬಿನ ಗೌಸು, ಹಿಟ್ಟಿನ ಚೀಲ, ಸೋಯಾ ಮೊಸರು ಮಾರೋಳ ಮನೆ ಮುಂದೆ ಅವಳ ಗಂಡನ ಚಡ್ಡಿ!

ಮೇಷ್ಟ್ರು ಏದುಸಿರು ಬಿಡ್ತಾ ಬಂದ್ರು. “ರುಯಿನ್, ಎಷ್ಟು ಜನ ಬಂದಿದಾರೆ?”

“ಯಾರು ಮೇಷ್ಟ್ರೇ?”

“ದಂಡು ಕಣಮ್ಮಾ! ಎಲ್ಲಿ ಅಡಗಿಸಿದೀಯ, ನೀಲಿ ತೊಟ್ಟಿಯಲ್ಲಾ?”

ನಾನು ಜಡೆ ತೋರಿಸಿದೆ. ಅವರು ಒತ್ತುಗಲ್ಲಿನ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಎದ್ರು. “ಜೈಲಿನ ಬಾಗಿಲು ತೆರೆದಿದೆ, ಉಗ್ರಾಣದ ಬಾಗಿಲು ತೆರೆದಿದೆ. ಯಾರಾದ್ರೂ ಊರು ಹಿಡೀಬೇಕು, ಇಲ್ಲಾಂದ್ರೆ ಸಂಜೆಯೊಳಗೆ ಲೂಟಿಯಾಗುತ್ತೆ. ಈ ಕ್ರಾಂತಿ ನನಗೆ ಬೇಕಿರ್ಲಿಲ್ಲ. ಆದ್ರೆ ಹುಟ್ಟಿದ ಕೂಸನ್ನ ಬೀದೀಲಿ ಬಿಡೋಕಾಗುತ್ತಾ? ಇದು ಸೂತಕದ ಬಟ್ಟೆ ಅಂತ ಯಾರಿಗೂ ಹೇಳ್ಬೇಡ ತಾಯಿ.” ಬೆನ್ನ ಮೇಲೆ ಜಡೆ ತೂಗಾಡಿಸಿಕೊಂಡೇ ಹೋಗಿ ಕ್ರಾಂತಿಯ ಕಚೇರಿಯಲ್ಲಿ ಕೂತ್ರು. ಪಾಠಶಾಲೆಯ ಆರು ಜನ ಉಪಾಧ್ಯಾಯರನ್ನ ಕಾವಲಿಗೆ ನಿಲ್ಲಿಸಿದ್ರು. ಇವತ್ತಿನವರೆಗೆ ಒಂದು ಮನೆಯ ಕೋಳಿಯೂ ಕಳುವಾಗಿಲ್ಲ. ಎಂಥ ಮನುಷ್ಯ ಅಂತೀಯ!

ನಿನ್ನ ಸಾವಿಗೆ ಅತ್ತದ್ದು ಊರಿಗೆ ಬಿಡುಗಡೆಯಾಯ್ತು. ಆದ್ರೆ ನನಗೆ ಊರು ಬೇಡ, ನೀನು ಬೇಕಿತ್ತು.

ಅಕ್ಕ


ಹಾನ್ಯಾಂಗ್
೪೬೦೯, ಒಂಬತ್ತನೇ ತಿಂಗಳ ಹದಿನಾರು

ಅಕ್ಕಾ, ಅಕ್ಕಾ, ಅಕ್ಕಾ!

ಏನು ಮಾಡ್ಬಿಟ್ಟೆ ನೀನು! ಹಾನ್‌ಕೌ ಕೈಬಿಟ್ಟು ಹೋಯ್ತು. ದೊರೆಯ ದಂಡು ಊರಿಗೇ ಬೆಂಕಿ ಇಟ್ಟಿತು, ಮೂರು ದಿನ ಉರೀತು. ನಾವು ಹೊಳೆ ದಾಟಿ ಈ ಗುಡ್ಡ ಹತ್ತಿದಾಗ ದಳದಲ್ಲಿ ಅರ್ಧ ಜನ ಮನೆಗೆ ಹೋಗೋ ಮಾತಾಡ್ತಿದ್ರು. ಸುಳ್ಳು ಯಾಕೆ, ನಾನೂ ಆಡಿದೆ. ಆಗ ಮೀನಿನ ದೋಣಿಯವನೊಬ್ಬ ಬಂದು, “ಲುವೋತಾನ್ ಅಂತ ಊರು, ಬಣ್ಣದ ಮನೆಯ ಹೆಂಗಸೊಬ್ಬಳು ಆಕಾಶಕ್ಕೆ ಬಿಳಿ ಕಟ್ಟಿದಾಳೆ, ಅಮಲ್ದಾರ ಪರಾರಿ” ಅಂದ. “ನಮ್ಮಕ್ಕ ಕಣ್ರೋ ಅವಳು!” ಅಂತ ಕಿರುಚಿದೆ. ಗೆಂಗ್ ಸೌಟು ಎತ್ತಿ ಎಲ್ಲರಿಗೂ ಬೈದ: “ಒಬ್ಬ ಹೆಂಗಸು ಒಂದು ಊರು ಹಿಡಿದಿದಾಳೆ, ಅರವತ್ತು ಗಂಡಸರಿಗೆ ಒಂದು ಗುಡ್ಡ ಹಿಡಿಯೋಕಾಗಲ್ವಾ? ನಾಚಿಕೆ ಬಿಟ್ಟವರಾ!” ಒಬ್ಬನೂ ಹೋಗ್ಲಿಲ್ಲ ಅಕ್ಕಾ.

ಬಿಳಿ ಅಂದ್ರೆ ಬೆಚ್ಚಿ ಬೀಳ್ತಿದ್ದೋಳು ನೀನು. ನನ್ನ ಕಾಗದ ಓದಿ ಮನಸ್ಸು ಬದಲಾಯ್ಸಿದೆ, ಅಲ್ವಾ? ನಾವು ಗೆಲ್ಲೋವರೆಗೂ ಅದನ್ನ ಇಳಿಸಬೇಡ. ದಳದವರೆಲ್ಲ ದಿನಾ ಕೇಳ್ತಾರೆ.

ನಿನ್ನ ಟಿಂಗ್‌ಬೋ


ಲುವೋತಾನ್
ಷುವಾನ್‌ತೊಂಗ್ ಮೂರನೇ ವರ್ಷ, ಹತ್ತನೇ ತಿಂಗಳ ಮೂರು

ತಮ್ಮಾ,

ನಿನ್ನ ಎರಡು ಕಾಗದಗಳೂ ಮೊನ್ನೆ ಒಂದೇ ದಿನ ಬಂದ್ವು. ಮೊದಲು ಬರೆದದ್ದಕ್ಕೆ ಮೂವತ್ತೇಳು ದಿನ ಹಿಡೀತು. ಓದಿದೆ. ಸಂತೋಷವಾಯ್ತು. ಜಡೆ ಜೋಪಾನವಾಗಿದೆ.

ಬಿಳಿ ಕಟ್ಟಿದ್ದು ಹೌದು. ನಿನ್ನ ಕಾಗದದಿಂದ ಬುದ್ಧಿ ಬಂತು ಅಂತಲೇ ಇಟ್ಕೋ. ಓಡಿಹೋದ ಅಮಲ್ದಾರ ಮೇಲೂರಿಂದ ಹೇಳಿ ಕಳಿಸಿದಾನೆ. ದೊರೆಯ ದಂಡು ಬರ್ತಿದೆ, ಈಗಲೇ ಬಿಳಿ ಇಳಿಸಿದವರಿಗೆ ಕ್ಷಮೆಯಂತೆ. ಅಂಗಡಿಬೀದಿಯವರು ಗುಂಪಾಗಿ ಬಂದು, “ನೀನು ಇಳಿಸಿದ್ರೆ ನಾವೂ ಇಳಿಸ್ತೀವಮ್ಮಾ” ಅಂದ್ರು. ಎಲ್ಲರೂ ಇಳಿಸಿದ್ರೆ ಮೇಷ್ಟ್ರದ್ದೂ ಆ ಆರು ಉಪಾಧ್ಯಾಯರದ್ದೂ ತಲೆ ಉಳಿಯಲ್ಲ. ಮೇಷ್ಟ್ರು ಬಂದಿದ್ರು. ಇಡು ಅಂತಲೂ ಹೇಳ್ಲಿಲ್ಲ, ತೆಗಿ ಅಂತಲೂ ಹೇಳ್ಲಿಲ್ಲ. ನಿನ್ನ ಕಾಗದ ಎರಡು ಸಲ ಓದಿ, ಗಳದ ಕಡೆ ನೋಡಿ, “ನಿನ್ನ ಇಷ್ಟ ತಾಯಿ, ಇದನ್ನ ನಿನ್ನಿಂದ ಕೇಳೋ ಹಕ್ಕು ಯಾರಿಗೂ ಇಲ್ಲ” ಅಂದು ಹೊರಟುಹೋದ್ರು.

ಬಟ್ಟೆ ಅಲ್ಲೇ ಇದೆ. ಬದುಕಿರೋರ ಹೆಸರಲ್ಲಿ ಬಿಳಿ ತೂಗಾಡಬಾರದು ಅಂತ ಬೀದಿಯ ಮುದುಕಿಯರು ಏನೇನೋ ಗೊಣಗ್ತಾರೆ. ಅದೆಲ್ಲ ಹಳೇ ಕಾಲದ ಮಾತು, ನಾನು ಕಿವಿಗೆ ಹಾಕ್ಕೊಳ್ಳೋದಿಲ್ಲ.

ನೀನು ಗುಂಡಿಗೆ ಎದೆ ಕೊಡಬೇಡ. ತಲೆ ಬಗ್ಗಿಸಿ ನಡಿ. ಈ ತಿಂಗಳು ಪೂರ್ತಿ ಹುಷಾರಾಗಿರು. ಯಾಕೆ ಅಂತ ಕೇಳ್ಬೇಡ.

ಅಕ್ಕ, ರುಯಿನ್


ವುಚಾಂಗ್
೪೬೦೯, ಹತ್ತನೇ ತಿಂಗಳ ಇಪ್ಪತ್ತು

ಅಕ್ಕಾ,

ಕ್ಷೇಮ. ಹಾನ್ಯಾಂಗ್ ಹೋಯ್ತು, ಕೇಳಿರ್ತೀಯ. ನಾವು ವುಚಾಂಗಿಗೆ ವಾಪಸ್ ಬಂದಿದೀವಿ. ಈಗ ಎರಡೂ ಕಡೆಯವರು ಗುಂಡು ನಿಲ್ಲಿಸಿ ಮಾತುಕತೆಗೆ ಕೂತಿದಾರೆ. ನನಗೆ ಸ್ವಲ್ಪ ಜ್ವರ ಬಂದಿತ್ತು, ಈಗ ಇಲ್ಲ. ಗೆಂಗ್ ಎಲ್ಲಿಂದಲೋ ತಾವರೆ ಬೇರು ತಂದು ಸಾರು ಮಾಡಿ ಹಾಕ್ತಾನೆ, ನಿನ್ನ ಕೈ ರುಚಿ ಬರಲ್ಲ.

ಅಕ್ಷರ ಸೊಟ್ಟ ಇದೆ, ಬೈಬೇಡ. ಮೇಜು ಸರಿಯಿಲ್ಲ. ಮೂಲೆಯಲ್ಲಿರೋದು ಚಹಾ ಬಟ್ಟಲಿನ ಕಲೆ.

ನಿನ್ನ ಟಿಂಗ್‌ಬೋ


ಲುವೋತಾನ್
ಷುವಾನ್‌ತೊಂಗ್ ಮೂರನೇ ವರ್ಷ, ಹನ್ನೊಂದನೇ ತಿಂಗಳ ಐದು

ಟಿಂಗ್‌ಬೋ,

ಚಹಾ ಬಟ್ಟಲಿನ ಕಲೆ ಕಾಗದದ ಎಡಮೂಲೆಯಲ್ಲಿದೆ. ಒಂದೇ ಕಲೆ ಅಲ್ಲ, ಮೂರಿವೆ. ಒಂದಷ್ಟು ಸಾಲು ಬರೆದು ಬಟ್ಟಲನ್ನ ಸರಿಸಿದೀಯ. ಕಾಗದ ಜಾರದ ಹಾಗೆ ಹಿಡಿಯೋಕೆ ಎಡಗೈ ಇದ್ದವನು ಬಟ್ಟಲು ಯಾಕೋ ಇಡ್ತಾನೆ?

ನನಗೆ ಗೊತ್ತಾಯ್ತು. ಈಗ ನನ್ನ ಸುಳ್ಳನ್ನೂ ಕೇಳು. ಆ ಬಿಳಿ ಕಟ್ಟಿದ್ದು ಕ್ರಾಂತಿಗಲ್ಲ. ನಿನ್ನ ಕಾಗದಕ್ಕಿಂತ ಮೊದಲು ಜಡೆ ಬಂತು. ನೀನು ಸತ್ತೆ ಅಂತ ಕಟ್ಟಿದೆ. ಆಗ ಬರೆದ ಕಾಗದ ಇದರ ಜೊತೆ ಇಟ್ಟಿದೀನಿ. ಏಳನೇ ದಿನ ದೀಪದ ಹತ್ತಿರ ಹಿಡಿದೆ, ಕೈ ಬರ್ಲಿಲ್ಲ. ಸುಟ್ಟುಬಿಟ್ರೆ ನೀನು ಸತ್ತದ್ದು ನಿಜವಾಗಿಬಿಡುತ್ತೆ ಅನ್ನಿಸ್ತು.

ನೀನು ಬದುಕಿದೀಯ ಅಂತ ತಿಳಿದ ದಿನ ಏಣಿ ಹತ್ತಿದೆ ಕಣೋ, ಒಂದೇ ಉಸಿರಿಗೆ ಕಿತ್ತು ಹಾಕೋಕೆ. ಮೇಲಿಂದ ಊರು ಕಾಣಿಸ್ತು. ಎಲ್ಲರ ಬಾಗಿಲಲ್ಲೂ ಬಿಳಿ. ಕಚೇರಿ ಮೆಟ್ಟಿಲ ಮೇಲೆ ಮೇಷ್ಟ್ರು ಮುದುಕಿಯರಿಗೆ ಅಕ್ಕಿ ಅಳೆದು ಕೊಡ್ತಿದ್ರು. ಗಂಟಿಗೆ ಕೈ ಹಾಕಿದೋಳು ಹಾಗೇ ನಿಂತೆ. ಅತ್ತ ದರಿ, ಇತ್ತ ಪುಲಿ. ಏಳು ಜನರ ತಲೆ ಒಂದು ಕಡೆ, ನನ್ನ ತಮ್ಮ ಒಂದು ಕಡೆ. ಗಂಟು ಬಿಚ್ಚದೆ ಇಳಿದು ಬಂದೆ. ಬದುಕಿರೋ ತಮ್ಮನ ತಲೆ ಮೇಲೆ ದಿನಾ ಸಾವಿನ ಬಟ್ಟೆ ಹಾರಿಸಿದೀನಿ. ದಿನಾ ಬೆಳಗ್ಗೆ ಅದರ ಕೆಳಗೆ ನಿಂತು, ‘ಇದು ನಮ್ಮ ಟಿಂಗ್‌ಬೋಗಲ್ಲ, ಅವನನ್ನ ಬಿಟ್ಟುಬಿಡು’ ಅಂತ ಬೇಡ್ಕೊಂಡಿದೀನಿ. ಕೇಳಿಸ್ಲಿಲ್ಲ ಅಂತ ಕಾಣುತ್ತೆ.

ಯಾವತ್ತು ಪೆಟ್ಟಾಯ್ತು? ನಾನು ಏಣಿ ಇಳಿದ ಮೇಲೇನಾ? ನನ್ನ ಬಟ್ಟೆಯ ಸುದ್ದಿ ಕೇಳಿ ತಾನೇ ನೀವು ಆ ಗುಡ್ಡದಲ್ಲಿ ನಿಂತದ್ದು? ನಿನ್ನ ಕೈ ಕಿತ್ತುಕೊಂಡೋಳು ನಾನೇ. ನಿಜ ಬರಿ. ನಾನು ತಡ್ಕೋತೀನಿ.

ಅಕ್ಕ


ವುಚಾಂಗ್
ಚೀನಾ ಗಣರಾಜ್ಯದ ಒಂದನೇ ವರ್ಷ, ಹೊಸ ಪಂಚಾಂಗದಂತೆ ಒಂದನೇ ತಿಂಗಳ ಹದಿನಾಲ್ಕು

ಅಕ್ಕಾ,

ಸುಡಬೇಕಿದ್ದ ಕಾಗದ ಓದಿದೆ. ಬದುಕಿರುವಾಗಲೇ ಅಂಥ ಕಾಗದ ಓದೋ ಭಾಗ್ಯ ಯಾರಿಗುಂಟು? ಗೆಂಗ್‌ಗೂ ಓದಿ ಹೇಳಿದೆ. ಚಡ್ಡಿಯ ಮಾತಿಗೆ ನಕ್ಕ, ಆಮೇಲೆ ಒಲೆ ಕಡೆ ತಿರುಗಿ ಕೂತುಬಿಟ್ಟ. ಜಡೆ ಕಳಿಸಿದ ನಾನೆಂಥ ಪೆದ್ದ! ‘ಸತ್ತ ಸಿಪಾಯಿಯದು ಅನ್ನು’ ಅಂತ ನನ್ನ ಬಾಯಿಂದಲೇ ಹೇಳಿಕೊಟ್ಟೆ, ನೀನು ಅದನ್ನ ಕೇಳಬಹುದು ಅಂತ ತಲೆಗೇ ಹೊಳೀಲಿಲ್ಲ.

ನಿಜ ಕೇಳಿದೀಯ. ಎಡಗೈ ಹೋಯ್ತು. ಹತ್ತನೇ ತಿಂಗಳ ಏಳನೇ ತಾರೀಕು, ಗುಡ್ಡದ ಮೇಲೆ, ತೋಪಿನ ಗುಂಡು. ನೀನು ಏಣಿ ಇಳಿದ ಮೇಲೇ. ಇನ್ನು ಮುಂದಿನದನ್ನೂ ಪೂರ್ತಿ ಓದು. ರಕ್ತ ಚಿಲುಮೆ ಹಾಗೆ ಹಾರ್ತಿತ್ತು. ಗೆಂಗ್ ನನ್ನ ತೋಳಲ್ಲಿದ್ದ ಬಿಳಿ ಪಟ್ಟಿಯನ್ನ ಮೇಲಕ್ಕೆ ಎಳೆದು, ಸೌಟಿನ ಹಿಡಿ ತೂರಿಸಿ ತಿರುಚಿ ಕಟ್ಟಿದ. ಹೊಳೆ ದಾಟಿ ಆಸ್ಪತ್ರೆ ಸೇರೋವರೆಗೂ ಆ ಕಟ್ಟು ಸಡಿಲವಾಗ್ಲಿಲ್ಲ. “ಬಟ್ಟೆ ಗಟ್ಟಿ ಇತ್ತು, ಅದಕ್ಕೇ ಬದುಕಿದೆ” ಅಂದ್ರು ವೈದ್ಯರು. ನಿನ್ನ ಬಟ್ಟೆ ಅಕ್ಕಾ, ಬೇಡ ಅಂತ ಬೈದು ಕಳಿಸಿದೆಯಲ್ಲ, ಅದೇ.

ನಾನು ನನಗೆ ಬೇಕಾದದ್ದಕ್ಕೆ ಕೋವಿ ಹಿಡಿದೆ. ಅದರಲ್ಲೇನು ದೊಡ್ಡಸ್ತಿಕೆ? ನೀನು ಈ ಕ್ರಾಂತಿ ಕೇಳಿದೋಳೇ ಅಲ್ಲ. ಜಗತ್ತಿನಲ್ಲಿ ಯಾವುದಕ್ಕೆ ಹೆಚ್ಚು ಹೆದರ್ತೀಯೋ ಅದನ್ನ ಏಳು ಜನರಿಗೋಸ್ಕರ ದಿನಾ ನಿನ್ನ ತಲೆ ಮೇಲೆ ಹಾರಿಸಿದೆ. ಮೇಷ್ಟ್ರೂ ಅಷ್ಟೇ. ಅವರು ಬೆಂಕಿ ಇಡಬೇಡಿ ಅಂದ್ರು, ನಾವು ಇಟ್ಟೆವು, ಅವರು ಬಂದು ಊರನ್ನ ಕಾದ್ರು. ಅವರ ಕಾಲಿಗೆ ನನ್ನ ಹೆಸರಲ್ಲೂ ಒಂದು ನಮಸ್ಕಾರ ಮಾಡು. ನಿನ್ನ ಕಾಲಿಗೆ ನಾನೇ ಬಂದು ಮಾಡ್ತೀನಿ.

ಈಗಲಾದ್ರೂ ಅದನ್ನ ಇಳಿಸಕ್ಕಾ. ನಾನು ಗಟ್ಟಿಯಾಗೇ ಇದೀನಿ.

ಟಿಂಗ್‌ಬೋ


ಲುವೋತಾನ್
ಗಣರಾಜ್ಯದ ಒಂದನೇ ವರ್ಷವಂತೆ. ನನ್ನ ಲೆಕ್ಕದಲ್ಲಿ ಹನ್ನೆರಡನೇ ತಿಂಗಳ ಇಪ್ಪತ್ತೊಂಬತ್ತು

ತಮ್ಮಾ,

ನಿನ್ನ ಕಾಗದಕ್ಕೆ ಒಂದು ತಿಂಗಳು ಉತ್ತರ ಬರೀಲಿಲ್ಲ. ದಿನಾ ಓದಿದೆ. ‘ಬಟ್ಟೆ ಗಟ್ಟಿ ಇತ್ತು’ ಅನ್ನೋ ಸಾಲು ಕಣ್ಣೀರು ಬಿದ್ದು ಅಳಿಸಿಹೋಗಿದೆ.

ಮೂರು ದಿನದ ಹಿಂದೆ ಸುದ್ದಿ ಬಂತು. ಮಗು ದೊರೆ ಸಿಂಹಾಸನ ಬಿಟ್ಟನಂತೆ. ಇನ್ನು ಅಮಲ್ದಾರನೂ ಬರೋದಿಲ್ಲ, ದಂಡೂ ಬರೋದಿಲ್ಲ. ಊರೆಲ್ಲ ಪಟಾಕಿ. ಮೇಷ್ಟ್ರು ಕಚೇರಿಯಲ್ಲಿ ಒಬ್ಬರೇ ಬೀಜಿಂಗ್ ಇರೋ ಉತ್ತರ ದಿಕ್ಕಿಗೆ ತಿರುಗಿ ತಲೆಬಾಗಿ, ಆಮೇಲೆ ನಮ್ಮ ಮನೆಗೆ ಬಂದು ಕತ್ತರಿ ಕೇಳಿದ್ರು. ಅವರ ಜಡೆ ನಾನೇ ಕತ್ತರಿಸಿದೆ. “ತಲೆ ಮುಂದಕ್ಕೆ ಬೀಳ್ತಿದೆ ಕಣಮ್ಮಾ, ಹಿಡ್ಕೋ” ಅಂತ ತಮಾಷೆ ಮಾಡಿದ್ರು. ಕಣ್ಣಲ್ಲಿ ನೀರಿತ್ತು. ನಿನ್ನ ಜಡೆ ಪಕ್ಕದಲ್ಲೇ ಅದನ್ನೂ ಇಟ್ಟಿದೀನಿ.

ಅಂಗಡಿಬೀದಿಯವರು, ಆರು ಉಪಾಧ್ಯಾಯರು, ಎಲ್ಲರೂ ಬಂದು ಏಣಿ ಹಿಡ್ಕೊಂಡು ನಿಂತ್ರು. ನಾನು ಹತ್ತಿ ಬಿಳಿ ಇಳಿಸಿದೆ. ನಾಲ್ಕು ತಿಂಗಳ ಬಿಸಿಲು, ಮಂಜು, ಗಾಳಿ. ಅಂಚು ಚಿಂದಿಯಾಗಿದೆ, ನಡುಭಾಗ ಗಟ್ಟಿ ಇದೆ. ಹನ್ನೆರಡು ಮನೆಯವರೂ ತಮ್ಮ ತಮ್ಮ ಥಾನು ವಾಪಸ್ ಬೇಡ ಅಂದ್ರು. “ನಿನ್ನ ತಮ್ಮನಿಗೆ” ಅಂದ್ರು.

ಒಂದನ್ನ ನೀಲಿ ತೊಟ್ಟಿಗೆ ಹಾಕಿದೀನಿ. ಒಂಬತ್ತು ಸಲ ಮುಳುಗಿಸಿ ಒಂಬತ್ತು ಸಲ ಗಾಳಿಗೆ ಹಿಡಿದಿದೀನಿ. ಒಂದು ಎಳೆ ಬಿಳಿ ಹುಡುಕಿದ್ರೂ ಸಿಗೋದಿಲ್ಲ. ಹತ್ತಿ ತುಂಬಿ ನಿನಗೆ ಚಳಿ ಅಂಗಿ ಹೊಲೀತಿದೀನಿ. ಬೆನ್ನಾಯ್ತು, ಎದೆಯಾಯ್ತು, ಬಲತೋಳಾಯ್ತು.

ಎಡತೋಳು ಎಲ್ಲಿಗೆ ನಿಲ್ಲಬೇಕು? ಮೊಣಕೈಗಾ, ಇನ್ನೂ ಮೇಲಕ್ಕಾ? ಎಷ್ಟು ಅಂತ ನೀನು ಬರೀಬೇಡ, ಸುಳ್ಳು ಬರೀತೀಯ. ಈ ಕಾಗದದಲ್ಲಿ ಒಂದು ಕೆಂಪು ದಾರ ಇಟ್ಟಿದೀನಿ. ಗೆಂಗ್ ಕೈಲಿ ಭುಜದಿಂದ ಅಳೆಸಿ, ಅಳತೆಗೆ ಸರಿಯಾಗಿ ಕತ್ತರಿಸಿ, ದಾರವನ್ನೇ ವಾಪಸ್ ಕಳಿಸು.

ಅಕ್ಕ, ರುಯಿನ್